ಕಂಪ್ರೆಸರ್ ಮಾರಿ ಬ್ಯಾಟರಿ ಗನ್ ತಗೊಳ್ಳಬೇಕಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ಬಾಗಲಕೋಟೆ ಕಡೆ. ಪುಣೆಯ ಭೋಸರಿಯಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಕಾರು, ಟೆಂಪೊ ಸರ್ವಿಸು, ಟೈರ್ ಕೆಲಸ ಮಾಡುತ್ತೇವೆ. ಚಾಕಣ ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತರೆ ಅಲ್ಲಿಗೂ ಹೋಗುತ್ತೇವೆ. ಹಿಂದಿನ ತಗಡಿನ ಶೆಡ್ಡಿನಲ್ಲಿ ತಮ್ಮ ಗೇಟು, ಗ್ರಿಲ್ಲು ಮಾಡುತ್ತಾನೆ. 5 ಎಚ್‌ಪಿ ಕಂಪ್ರೆಸರ್ ಇದೆ. ಅದರ ಮೇಲೆ ನಟ್ಟು ಬಿಚ್ಚುವ ಎರಡು ಏರ್ ಗನ್, ಟೈರ್ ಬಿಚ್ಚುವ ಮೆಷಿನ್ ನಡೆಯುತ್ತವೆ. ತಮ್ಮನ ಹತ್ತಿರ ವೈರಿನ ಗ್ರೈಂಡರು, ಒಂದು ಹಳೆಯ ಪೆಟ್ರೋಲ್ ಕಟ್ಟರ್ ಇವೆ. ಕರೆಂಟ್ ಬಿಲ್ ಏರುತ್ತಲೇ ಇದೆ. ಕಂಪ್ರೆಸರ್ ಸದ್ದಿಗೆ ಮೇಲಿನ ಮನೆಯವರು ದಿನಾ ಜಗಳಕ್ಕೆ ಬರುತ್ತಾರೆ. ಮಗ ಡಿಪ್ಲೊಮಾ ಮುಗಿಸಿ ಬಂದಿದ್ದಾನೆ. "ಎಲ್ಲಾ ಮಾರಿ ಬ್ಯಾಟರಿ ಟೂಲ್ ತರೋಣ, ದೊಡ್ಡ ಕಂಪನಿಗಳಲ್ಲಿ ಈಗ ಏರ್ ಗನ್ ಎಲ್ಲಿವೆ" ಅಂತಾನೆ. ನಮ್ಮ ಹಿರಿಯ ಮಿಸ್ತ್ರಿ "ಅದು ಆಟಿಗೆ ಸಾಮಾನು, ಎರಡು ವರ್ಷಕ್ಕೆ ಸಾಯ್ತದ, ಚಾರ್ಜಿಗೆ ಇಟ್ಟಾಗ ಸಿಡಿತದ" ಅಂತಾರೆ. ಪೇಟೆಯಲ್ಲಿ "48 ವೋಲ್ಟ್" ಗನ್ನು, ಹೆಸರಾಂತ ಕಂಪನಿಯ 18 ವೋಲ್ಟ್ ಗನ್ನಿನ ಅರ್ಧ ರೇಟಿಗೇ ಸಿಗುತ್ತಿದೆ. ಅದನ್ನೇ ತಗೊಳ್ಳಲಾ? ಏನು ಮಾಡಬೇಕು ಹೇಳಿ.

ಉತ್ತರ: ನಿಮ್ಮ ಚಿಂತೆ ಎರಡು ಇವೆ. ನಡೆಯುತ್ತಿರುವ ಕೆಲಸ ಒಂದು ದಿನವೂ ನಿಲ್ಲಬಾರದು. ಈಗ ಹಾಕಿದ ದುಡ್ಡನ್ನೇ ಎರಡು ವರ್ಷಕ್ಕೆ ಮತ್ತೆ ಹಾಕುವ ಹಾಗೆ ಆಗಬಾರದು. ಎರಡೂ ನ್ಯಾಯವಾದ ಚಿಂತೆಗಳೇ. ಹಾಗಾಗಿ ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಕಂಪ್ರೆಸರ್ ಮಾರಬೇಡಿ. ಅರ್ಧ ಇಂಚಿನ ಒಳ್ಳೆಯ ಬ್ಯಾಟರಿ ಇಂಪ್ಯಾಕ್ಟ್ ಗನ್ (ಒಳಗಿನ ಸುತ್ತಿಗೆ ಬಡಿದು ನಟ್ಟು ತಿರುಗಿಸುವ ಗನ್) ಒಂದನ್ನು ಎರಡು ಬ್ಯಾಟರಿ ಸಮೇತ ತಗೊಳ್ಳಿ. ತಮ್ಮನ ಗ್ರೈಂಡರ್ ವೈರಿನ ಮೇಲೆಯೇ ಇರಲಿ. "48 ವೋಲ್ಟ್" ಗನ್ ಮುಟ್ಟಲೇಬೇಡಿ. ಇದೆಲ್ಲಕ್ಕೂ ಮೊದಲು, ಒಂದು ರೂಪಾಯಿ ಖರ್ಚಿಲ್ಲದೆ ನಿಮ್ಮ ಗಾಳಿ ಎಲ್ಲೆಲ್ಲಿ ಸೋರುತ್ತಿದೆ ನೋಡಿ. ಬಿಲ್ ಏರಲು ಅರ್ಧ ಕಾರಣ ಅಲ್ಲೇ ಇರಬಹುದು.

ಪಿಂಪ್ರಿ-ಚಿಂಚವಡದ ವರ್ಕ್‌ಶಾಪುಗಳಲ್ಲಿ ಟೂಲ್ ಮೆಂಟೆನೆನ್ಸ್ ನೋಡಿಕೊಳ್ಳುವುದೇ ನನ್ನ ಕೆಲಸ. ಅಲ್ಲಿ ಎಲ್ಲರೂ ಕೇಳುವುದು "ಯಾವುದಕ್ಕೆ ಪವರ್ ಜಾಸ್ತಿ" ಅಂತ. ನಾನು ತಿರುಗಿ ಕೇಳುವುದು ಬೇರೆ: ಒಂದು ಸಲ ಟ್ರಿಗರ್ ಒತ್ತಿದರೆ ಎಷ್ಟು ಹೊತ್ತು ಹಿಡಿದಿರುತ್ತೀರಿ? ಚಕ್ರದ ನಟ್ಟು ಬಿಚ್ಚಲು ಮೂರು-ನಾಲ್ಕು ಸೆಕೆಂಡು ಸಾಕು. ವೆಲ್ಡಿಂಗ್ ಉಜ್ಜಲು ಗ್ರೈಂಡರನ್ನು ಹತ್ತು ನಿಮಿಷ ಬಿಡದೆ ಹಿಡಿಯಬೇಕು. ಬ್ಯಾಟರಿ, ಗಾಳಿ, ವೈರು, ಪೆಟ್ರೋಲ್ ಈ ನಾಲ್ಕರಲ್ಲಿ ಯಾವುದು ಯಾವ ಕೆಲಸಕ್ಕೆ ಅನ್ನುವುದನ್ನು ಬಹುಪಾಲು ಈ ಹೊತ್ತೇ ತೀರ್ಮಾನ ಮಾಡುತ್ತದೆ.

ಲೆಕ್ಕ ಹಾಕಿ ತೋರಿಸುತ್ತೇನೆ. 18 ವೋಲ್ಟಿನ 5 ಆಂಪಿಯರ್ ಅವರ್ ಬ್ಯಾಟರಿ ಅಂದರೆ 18 ಗುಣಿಸು 5, ಒಟ್ಟು 90 ವಾಟ್ ಅವರ್. ಅದರೊಳಗೆ ಇರುವುದು ಅಷ್ಟೇ. ಇಂಪ್ಯಾಕ್ಟ್ ಗನ್ ಸರಾಸರಿ 600 ವಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. 90ನ್ನು 600ರಿಂದ ಭಾಗಿಸಿದರೆ 9 ನಿಮಿಷ, ಅಂದರೆ 540 ಸೆಕೆಂಡು. ನಟ್ಟಿಗೆ ನಾಲ್ಕು ಸೆಕೆಂಡಿನಂತೆ 130ಕ್ಕೂ ಜಾಸ್ತಿ ಸಲ ಹೊಡೆಯಬಹುದು. ಚಕ್ರಕ್ಕೆ ನಾಲ್ಕು ನಟ್ಟು ಇರುವ ಸಣ್ಣ ಕಾರಾದರೆ, ನಾಲ್ಕು ಕಾರಿನ ಎಲ್ಲ ಚಕ್ರಗಳನ್ನು ಬಿಚ್ಚಿ ಮತ್ತೆ ಹಾಕುವಷ್ಟು ಆಯಿತು. ಅಷ್ಟರಲ್ಲಿ ಎರಡನೇ ಬ್ಯಾಟರಿ ಚಾರ್ಜ್ ಆಗಿರುತ್ತದೆ. ಗ್ಯಾರೇಜಿಗೆ ಇದು ಧಾರಾಳ.

ಅದೇ ಬ್ಯಾಟರಿಯನ್ನು ಗ್ರೈಂಡರಿಗೆ ಹಾಕಿ ನೋಡಿ. ತಮ್ಮನ ನಾಲ್ಕಿಂಚಿನ ಗ್ರೈಂಡರ್ 850 ವಾಟಿನದು ಅಂದುಕೊಳ್ಳೋಣ. ಅಷ್ಟೇ ಜೋರಿನಲ್ಲಿ ಒತ್ತಿ ಉಜ್ಜಿದರೆ 90 ವಾಟ್ ಅವರ್ ಆರು ನಿಮಿಷಕ್ಕೆ ಖಾಲಿ. ಖಾಲಿಯಾಗುವುದಕ್ಕಿಂತ ದೊಡ್ಡ ತೊಂದರೆ ಬಿಸಿಯದು. 18 ವೋಲ್ಟಿನಲ್ಲಿ 850 ವಾಟ್ ಎಳೆಯಬೇಕಾದರೆ 47 ಆಂಪಿಯರ್ ಹರಿಯಬೇಕು. ಕರೆಂಟು ಎರಡು ಪಟ್ಟಾದರೆ ಸೆಲ್ಲಿನೊಳಗೆ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ. ದಿನಾ ಹೀಗೆ ಕಾಯಿಸಿದ ಬ್ಯಾಟರಿ ಬೇಗ ಮುದಿಯಾಗುತ್ತದೆ. ನಿಮ್ಮ ಮಿಸ್ತ್ರಿ ನೋಡಿರುವ "ಎರಡು ವರ್ಷಕ್ಕೆ ಸಾಯುವ" ಬ್ಯಾಟರಿ ಬಹುಶಃ ಇಂಥದ್ದೇ ಕೆಲಸದಲ್ಲಿ ಸತ್ತಿರಬೇಕು.

ಮಿಸ್ತ್ರಿ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಅವರು ಕೈಯಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಬ್ಯಾಟರಿ ಡ್ರಿಲ್ ಹೊಸದೇನಲ್ಲ. ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ 1961ರಲ್ಲೇ ತಂದಿತ್ತು. ಆದರೆ ಆಗಿನವು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳು. ಒಂದು ಸೆಲ್ಲಿಗೆ 1.2 ವೋಲ್ಟ್ ಮಾತ್ರ. ತೂಕ ಜಾಸ್ತಿ, ಸುಮ್ನೆ ಇಟ್ಟರೂ ಚಾರ್ಜ್ ಇಳಿಯುತ್ತಿತ್ತು. ಪೂರ್ತಿ ಖಾಲಿ ಮಾಡದೆ ಮತ್ತೆ ಮತ್ತೆ ಚಾರ್ಜ್ ಮಾಡಿದರೆ ತಾಕತ್ತೂ ಕಮ್ಮಿಯಾಗುತ್ತಿತ್ತು. ಲಿಥಿಯಂ-ಅಯಾನ್ ಸೆಲ್ ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಸೋನಿ ಕಂಪನಿಯಿಂದ. ದೊಡ್ಡ ಕೈ-ಮೆಷಿನ್ನುಗಳಿಗೆ ಅದು ಬಂದದ್ದು 2005ರ ಹೊತ್ತಿಗೆ. ಆಮೇಲೆ ಕಾರ್ಬನ್ ಇಲ್ಲದ ಬ್ರಶ್‌ಲೆಸ್ ಮೋಟರುಗಳು ಬಂದವು. ಈಗಿನ ಅರ್ಧ ಇಂಚಿನ ಬ್ಯಾಟರಿ ಗನ್ ನಿಮ್ಮ ಏರ್ ಗನ್ನಿನಷ್ಟೇ ಹೊಡೆಯುತ್ತದೆ. ಒಳಗಿನ ಸುತ್ತಿಗೆಯ ವ್ಯವಸ್ಥೆಯಲ್ಲಿ ಎರಡಕ್ಕೂ ತತ್ವ ಒಂದೇ. ಆ ಸುತ್ತಿಗೆಯನ್ನು ತಿರುಗಿಸುವುದು ಗಾಳಿಯೋ ಮೋಟರೋ ಅನ್ನುವುದಷ್ಟೇ ಬೇರೆ.

ಹಳೆಯ ಬ್ಯಾಟರಿಯ ಜೊತೆ ಬಂದ ಒಂದು ಅಭ್ಯಾಸವನ್ನು ಮಾತ್ರ ಬಿಡಬೇಕು. "ಪೂರ್ತಿ ಖಾಲಿಯಾಗಲಿ, ಆಮೇಲೆ ಚಾರ್ಜಿಗೆ ಹಾಕು" ಅನ್ನುವುದು ಲಿಥಿಯಂಗೆ ತಪ್ಪು. ಅರ್ಧ ಇದ್ದಾಗಲೂ ಚಾರ್ಜಿಗೆ ಹಾಕಬಹುದು. ಗನ್ ಮೆತ್ತಗಾಯಿತು ಅನ್ನಿಸಿದ ಕೂಡಲೇ ತೆಗೆದು ಹಾಕಿ. ಹಿಂಡಿ ಹಿಂಡಿ ಕೆಲಸ ತಗೊಂಡರೆ ಅದರ ಆಯಸ್ಸೇ ಕಮ್ಮಿಯಾಗುತ್ತದೆ.

ಇನ್ನು ಮಗನ ಮಾತು. ದೊಡ್ಡ ವಾಹನ ಕಾರ್ಖಾನೆಗಳ ಜೋಡಣೆ ಸಾಲಿನಲ್ಲಿ ಎಲೆಕ್ಟ್ರಿಕ್, ಬ್ಯಾಟರಿ ಟೂಲುಗಳು ಬಂದಿರುವುದು ನಿಜ. ಆದರೆ ಅವು ನಿಮ್ಮ ಗ್ಯಾರೇಜಿನ ಇಂಪ್ಯಾಕ್ಟ್ ಗನ್ ಅಲ್ಲ. ಅವು ನಟ್‌ರನ್ನರುಗಳು. ಯಾವ ಗಾಡಿಯ ಯಾವ ನಟ್ಟನ್ನು ಎಷ್ಟು ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬಿಗಿ ಮಾಡಿದೆವು ಅನ್ನುವುದನ್ನು ಅವು ಅಳೆದು ದಾಖಲೆ ಮಾಡಿಡುತ್ತವೆ. ಕಾರ್ಖಾನೆ ದುಡ್ಡು ಕೊಡುವುದು ಮುಖ್ಯವಾಗಿ ಆ ದಾಖಲೆಗೆ. ನಿಮಗೆ ಅದರ ಅಗತ್ಯವಿಲ್ಲ. ಮಗ ಕಣ್ಣಿಟ್ಟಿರುವ ದಿಕ್ಕು ಸರಿಯಾಗಿಯೇ ಇದೆ. ಆದರೆ ಕಾರ್ಖಾನೆಯ ಕಾರಣ ಬೇರೆ, ನಿಮ್ಮ ಕಾರಣ ಬೇರೆ.

ನಿಮ್ಮ ಕಾರಣ ಚಾಕಣ ರಸ್ತೆಯಲ್ಲಿದೆ. ಮಳೆಯಲ್ಲಿ, ರಾತ್ರಿ ಹೊತ್ತು, ಹೆದ್ದಾರಿ ಪಕ್ಕ ಟೆಂಪೊ ನಿಂತಿದೆ. ಪಾನಾ ಹಾಕಿ, ಅದಕ್ಕೆ ಪೈಪ್ ಸಿಕ್ಕಿಸಿ, ಮೇಲೆ ಹತ್ತಿ ಕುಣಿದು ನಟ್ಟು ಬಿಚ್ಚುವುದು ಅಂದರೆ ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ. ಪಕ್ಕದಲ್ಲೇ ಕಂಟೇನರುಗಳು ಓಡುತ್ತಿರುತ್ತವೆ. ಅಲ್ಲಿ ಬ್ಯಾಟರಿ ಗನ್ ಹತ್ತು ನಿಮಿಷ ಉಳಿಸಿದರೆ, ಹುಡುಗ ರಸ್ತೆ ಬದಿಯಲ್ಲಿ ಕೂತಿರುವ ಹೊತ್ತು ಹತ್ತು ನಿಮಿಷ ಕಮ್ಮಿಯಾಯಿತು. ಇದೊಂದೇ ಕಾರಣಕ್ಕೆ ನಾನು ನಿಮಗೆ ಬ್ಯಾಟರಿ ಗನ್ ತಗೊಳ್ಳಿ ಅನ್ನುತ್ತೇನೆ. ಗುರುವಾರ ಮಹಾವಿತರಣದವರು ರಿಪೇರಿಗೆ ಕರೆಂಟ್ ತೆಗೆಯುವುದು ಪುಣೆಯವರಿಗೆ ಗೊತ್ತೇ ಇದೆ. ಆ ದಿನವೂ ಚಕ್ರದ ಕೆಲಸ ನಿಲ್ಲುವುದಿಲ್ಲ.

ಡಬ್ಬಿಯ ಮೇಲಿನ ಅಂಕಿಗೆ ಮರುಳಾಗಬೇಡಿ. "1000 ನ್ಯೂಟನ್ ಮೀಟರ್" ಅಂತ ದೊಡ್ಡದಾಗಿ ಬರೆದಿದ್ದರೆ ಅದು ಸಾಮಾನ್ಯವಾಗಿ ಬಿಚ್ಚುವ ಟಾರ್ಕ್. ಬಿಗಿ ಮಾಡುವ ಟಾರ್ಕ್ ಅದಕ್ಕಿಂತ ಕಮ್ಮಿ ಇರುತ್ತದೆ, ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಕಾರಿನ ಚಕ್ರದ ನಟ್ಟಿಗೆ ಸಾಮಾನ್ಯವಾಗಿ 90ರಿಂದ 120 ನ್ಯೂಟನ್ ಮೀಟರ್ ಸಾಕು. ದೊಡ್ಡ ಲಾರಿಗಳಿಗೆ 600ರ ಆಸುಪಾಸು ಬೇಕು. ನಿಮ್ಮದು ಕಾರು, ಟೆಂಪೊ. ತುಕ್ಕು ಹಿಡಿದು ಜಾಮ್ ಆದ ನಟ್ಟಿಗೆ ಸ್ವಲ್ಪ ಜೋರು ಕೈಯಲ್ಲಿರಲಿ ಅಂದರೂ ಮಧ್ಯಮ ಗನ್ ಸಾಕು. ಭಾರಿ ಗನ್ ತಗೊಂಡರೆ ಬ್ಯಾಟರಿ ಸಮೇತ ಮೂರು ಕಿಲೊ ಆಗುತ್ತದೆ. ಸಂಜೆ ಹೊತ್ತಿಗೆ ಹುಡುಗನ ಮಣಿಕಟ್ಟು ನೋಯುತ್ತದೆ. ಹಾಗೇ ಇನ್ನೊಂದು ಮಾತು, ಗಾಳಿ ಗನ್ನಿಗೂ ಬ್ಯಾಟರಿ ಗನ್ನಿಗೂ ಸೇರಿಸಿಯೇ ಹೇಳುತ್ತಿದ್ದೇನೆ: ಚಕ್ರ ಹಾಕುವಾಗ ನಟ್ಟನ್ನು ಕೈಯಿಂದ ಹಿಡಿಸಿ, ಗನ್ನಿನಿಂದ ಸುಮಾರಾಗಿ ಬಿಗಿ ಮಾಡಿ, ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ ಹಾಕಿ. ಗನ್ನಿನಲ್ಲೇ "ಟರ್ ಟರ್" ಅಂತ ಹೊಡೆದು ಬಿಟ್ಟರೆ ಬೋಲ್ಟು ಎಳೆದು ಹೋಗುತ್ತದೆ, ಬ್ರೇಕ್ ಡಿಸ್ಕ್ ಸೊಟ್ಟಗಾಗುತ್ತದೆ. ಗೋಟಿ (ಸಾಕೆಟ್) ಕೂಡ ಇಂಪ್ಯಾಕ್ಟಿಗೆ ಅಂತ ಮಾಡಿದ ಕಪ್ಪು ಗೋಟಿಯೇ ಇರಲಿ. ಹೊಳೆಯುವ ಕ್ರೋಮ್ ಗೋಟಿ ಗನ್ನಿನ ಹೊಡೆತಕ್ಕೆ ಸೀಳಿ ಚೂರು ಹಾರಬಹುದು.

ಈಗ "48 ವೋಲ್ಟ್" ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕಂದರೆ ಕಷ್ಟಪಟ್ಟು ದುಡಿದ ದುಡ್ಡು ಹೋಗುತ್ತಿರುವುದು ಇಲ್ಲೇ.

ಲಿಥಿಯಂ ಸೆಲ್ ಒಂದಕ್ಕೆ 3.6 ವೋಲ್ಟ್ ಲೆಕ್ಕ. ಐದು ಸೆಲ್ ಸಾಲಾಗಿ ಜೋಡಿಸಿದರೆ 18 ವೋಲ್ಟ್. ಪೂರ್ತಿ ಚಾರ್ಜ್ ಆದಾಗ ಒಂದೊಂದೂ 4.2 ವೋಲ್ಟ್ ಇರುತ್ತದೆ, ಐದಕ್ಕೆ 21 ವೋಲ್ಟ್. ಹಾಗಾಗಿ ಒಬ್ಬರು 18 ಅಂತ ಬರೆಯುತ್ತಾರೆ, ಇನ್ನೊಬ್ಬರು 20 ಅಂತ, ಮತ್ತೊಬ್ಬರು 21 ಅಂತ. ಮೂರೂ ಒಂದೇ. ನಿಜವಾದ 48 ವೋಲ್ಟ್ ಬೇಕಾದರೆ ಹದಿಮೂರು ಸೆಲ್ ಸಾಲಾಗಿ ಬೇಕು. ಪೇಟೆಯಲ್ಲಿ "48ವಿಎಫ್", "88ವಿಎಫ್" ಅಂತ ಅಂಟಿಸಿರುವ ಬ್ಯಾಟರಿಯನ್ನು ಬಿಚ್ಚಿ ನೋಡಿದರೆ ಬಹಳಷ್ಟು ಸಲ ಐದೇ ಸೆಲ್ ಇರುತ್ತವೆ. ಮಲ್ಟಿಮೀಟರ್ ಇಟ್ಟರೆ 20-21 ವೋಲ್ಟ್ ತೋರಿಸುತ್ತದೆ. ಆ ಅಂಕಿಗೂ ಒಳಗಿರುವುದಕ್ಕೂ ಸಂಬಂಧವೇ ಇಲ್ಲ.

ಬಿಚ್ಚದೆ ಗೊತ್ತುಮಾಡಲು ಕಿರಾಣಿ ಅಂಗಡಿಯ ತಕ್ಕಡಿ ಸಾಕು. ಟೂಲುಗಳಲ್ಲಿ ಜಾಸ್ತಿ ಬರುವುದು 18650 ಅನ್ನುವ ಸೆಲ್ಲು: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಒಂದರ ತೂಕ ಸುಮಾರು 45 ಗ್ರಾಂ. 5 ಆಂಪಿಯರ್ ಅವರ್ ಬ್ಯಾಟರಿ ಆಗಬೇಕಾದರೆ ಇಂಥ ಹತ್ತು ಸೆಲ್ ಬೇಕು. ಸೆಲ್ಲಿನ ತೂಕವೇ 450 ಗ್ರಾಂ ಆಯಿತು. ಪ್ಲಾಸ್ಟಿಕ್ಕು, ತಗಡಿನ ಪಟ್ಟಿ, ಸರ್ಕ್ಯೂಟ್ ಸೇರಿ 600 ಗ್ರಾಂ ದಾಟುತ್ತದೆ. "5 ಆಂಪಿಯರ್ ಅವರ್" ಅಂತ ಬರೆದಿರುವ ಬ್ಯಾಟರಿ 350-400 ಗ್ರಾಂ ತೂಗಿದರೆ ಒಳಗೆ ಅರ್ಧವೇ ಇದೆ ಅಂತ ಅರ್ಥ. 21700 ಅನ್ನುವ ದೊಡ್ಡ ಸೆಲ್ಲಿನ ಬ್ಯಾಟರಿಯಾದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅದರ ಒಂದು ಸೆಲ್ 70 ಗ್ರಾಂ ಆಗುತ್ತದೆ, ಐದೇ ಸೆಲ್ಲಿನಲ್ಲಿ 4 ಅಥವಾ 5 ಆಂಪಿಯರ್ ಅವರ್ ಬರುತ್ತದೆ. ಹಾಗಿದ್ದರೂ ಬ್ಯಾಟರಿ 450 ಗ್ರಾಮಿಗಿಂತ ಕೆಳಗೆ ಇಳಿಯುವುದು ಕಷ್ಟ.

ಕಮ್ಮಿ ದುಡ್ಡಿನ ಬ್ಯಾಟರಿಯಲ್ಲಿ ಅಪಾಯ ಬರೀ ಮೋಸದ್ದಲ್ಲ. ಟೂಲಿಗೆ ಅಂತ ಮಾಡಿದ ಸೆಲ್ಲು 20-30 ಆಂಪಿಯರ್ ಕೊಡುತ್ತದೆ. ಹಳೇ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲಿಗೆ ಅಷ್ಟು ಶಕ್ತಿಯಿಲ್ಲ. ನೋಡಲು ಎರಡೂ ಒಂದೇ ಥರ. ಸತ್ತ ಬ್ಯಾಟರಿಗೆ "ಸೆಲ್ ಬದಲಿಸಿ ಕೊಡ್ತೀವಿ" ಅನ್ನುವವರು ಇಂಥದ್ದನ್ನು ತುಂಬಿ, ಸೆಲ್ಲುಗಳ ಮೇಲೆ ಕಣ್ಣಿಡುವ ಸರ್ಕ್ಯೂಟ್ ತೆಗೆದುಬಿಟ್ಟರೆ ಬ್ಯಾಟರಿ ಬಿಸಿಯಾಗುತ್ತದೆ, ಉಬ್ಬುತ್ತದೆ. ಮಿಸ್ತ್ರಿ ಹೇಳಿದ "ಸಿಡಿತದ" ಅನ್ನುವ ಮಾತಿಗೆ ಇಲ್ಲಿ ಅರ್ಥವಿದೆ. ಒಂದು ಕಂಪನಿಯ ಬ್ಯಾಟರಿಯನ್ನು ಇನ್ನೊಂದರ ಗನ್ನಿಗೆ ಹಾಕುವ ಅಡಾಪ್ಟರುಗಳೂ ಸಿಗುತ್ತವೆ. ಬ್ಯಾಟರಿಯೂ ಮೆಷಿನ್ನೂ ಒಂದಕ್ಕೊಂದು ಕಳಿಸುವ ಬಿಸಿಯ ಸೂಚನೆ ಅಡಾಪ್ಟರಿನಲ್ಲಿ ತಪ್ಪಿಹೋಗಬಹುದು. ದಿನದ ಕೆಲಸಕ್ಕೆ ಅದು ಬೇಡ.

ಸರಿಯಾದ ಕಂಪನಿಯ ಬ್ಯಾಟರಿ, ಅದರದೇ ಚಾರ್ಜರ್ ಇದ್ದರೆ ಬೆಂಕಿ ಹತ್ತುವುದು ತೀರಾ ಅಪರೂಪ. ಆದರೂ ಗ್ಯಾರೇಜಿನಲ್ಲಿ ಥಿನ್ನರ್, ಪೆಟ್ರೋಲ್, ವೆಲ್ಡಿಂಗ್ ಕಿಡಿ ಎಲ್ಲಾ ಇರುತ್ತವೆ. ಚಾರ್ಜರನ್ನು ಅವುಗಳಿಂದ ದೂರ, ಮರದ ಕಪಾಟಿನಲ್ಲಿ ಅಲ್ಲದೆ ಕಲ್ಲು ಅಥವಾ ಸಿಮೆಂಟ್ ಕಟ್ಟೆಯ ಮೇಲೆ ಇಡಿ. ರಾತ್ರಿ ಬಾಗಿಲು ಹಾಕಿ ಹೋಗುವಾಗ ಚಾರ್ಜರ್ ಸ್ವಿಚ್ ಆಫ್ ಮಾಡಿಯೇ ಹೋಗಿ. ಎತ್ತರದಿಂದ ಬಿದ್ದು ಒಡೆದದ್ದು, ನೀರಲ್ಲಿ ಮುಳುಗಿದ್ದು, ಉಬ್ಬಿದ್ದು ಇವನ್ನು ಚಾರ್ಜಿಗೆ ಹಾಕಬೇಡಿ. ಚಾರ್ಜಿನಲ್ಲಿದ್ದಾಗ ವಿಚಿತ್ರ ವಾಸನೆ ಬಂದರೆ, ಸುಯ್ ಅಂತ ಸದ್ದು ಬಂದರೆ, ಮೇನ್ ಸ್ವಿಚ್ ತೆಗೆದು ಹುಡುಗರನ್ನು ಹೊರಗೆ ಕಳಿಸಿ. ಹೊಗೆ ಶುರುವಾಗಿದ್ದರೆ ಕೈಯಲ್ಲಿ ಹಿಡಿದು ಓಡುವ ಸಾಹಸ ಬೇಡ. ಆ ಹೊಗೆ ವಿಷ. ಫೈರ್ ಬ್ರಿಗೇಡಿಗೆ 101 ಒತ್ತಿ.

ಭೋಸರಿಯ ಏಪ್ರಿಲ್-ಮೇ ಬಿಸಿಲು ನಿಮಗೆ ಗೊತ್ತು. ಹೊರಗೆ 40 ಡಿಗ್ರಿ ಇದ್ದರೆ ತಗಡಿನ ಶೆಡ್ಡಿನೊಳಗೆ ಅದಕ್ಕಿಂತ ಜಾಸ್ತಿ. ಬಿಸಿಯಾದ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದರೆ ಒಳ್ಳೆಯ ಚಾರ್ಜರ್ ಲೈಟು ಮಿಟುಕಿಸುತ್ತಾ ಕಾಯುತ್ತದೆ, ತಣ್ಣಗಾದ ಮೇಲೆಯೇ ಕರೆಂಟ್ ಬಿಡುತ್ತದೆ. ಹುಡುಗರು "ಚಾರ್ಜರ್ ಕೆಟ್ಟಿದೆ" ಅಂತ ಹೇಳಿಕೊಂಡು ನನ್ನ ಹತ್ತಿರ ತರುವ ಎಷ್ಟೋ ಚಾರ್ಜರುಗಳಿಗೆ ಏನೂ ಆಗಿರುವುದಿಲ್ಲ. ಬೇಸಿಗೆಯಲ್ಲಿ ಬ್ಯಾಟರಿಗಳನ್ನು ನಿಮ್ಮ ಕ್ಯಾಬಿನ್ನಿನೊಳಗೆ, ಬೆಳಿಗ್ಗೆ ಹೊತ್ತು ಚಾರ್ಜ್ ಮಾಡಿಸಿ.

ಇನ್ನು ಕಂಪ್ರೆಸರ್. ಇದನ್ನು ಯಾಕೆ ಮಾರಬಾರದು? ಟೈರಿಗೆ ಗಾಳಿ ಬೇಕು, ಟೈರ್ ಬಿಚ್ಚುವ ಮೆಷಿನ್ನಿಗೆ ಗಾಳಿ ಬೇಕು, ಫಿಲ್ಟರ್ ಊದಲು ಬೇಕು. ಈ ಕೆಲಸಗಳು ಬ್ಯಾಟರಿಗೆ ಹೋಗುವುದಿಲ್ಲ. ಏರ್ ಗನ್ನಿಗೂ ಅದರದೇ ಗುಣಗಳಿವೆ. ಲೋಡ್ ತಡೆಯದೆ ನಿಂತುಬಿಟ್ಟರೂ ಏರ್ ಮೋಟರ್ ಸುಟ್ಟುಹೋಗುವುದಿಲ್ಲ. ನೆಲ ಒದ್ದೆಯಿದ್ದರೂ ಶಾಕ್ ಹೊಡೆಯುವುದಿಲ್ಲ. ದಿನವಿಡೀ ನಡೆಸಿದರೂ ಬಿಸಿಯಾಗುವ ಬದಲು ತಣ್ಣಗಾಗುತ್ತದೆ. ಒಳಗಿನ ವೇನ್ (ಗಾಳಿಯ ಒತ್ತಡಕ್ಕೆ ಮೋಟರ್ ತಿರುಗಿಸುವ ಪಟ್ಟಿ) ಸವೆದರೆ ಕಮ್ಮಿ ಖರ್ಚಿನಲ್ಲಿ ಬದಲಿಸಬಹುದು.

ಆದರೆ ಗಾಳಿ ತುಂಬಾ ದುಬಾರಿ ಶಕ್ತಿ. ಕಂಪ್ರೆಸರಿಗೆ ಕೊಟ್ಟ ಕರೆಂಟಿನಲ್ಲಿ 100ಕ್ಕೆ 10ರಿಂದ 15 ಪಾಲು ಮಾತ್ರ ಗನ್ನಿನ ತುದಿಯಲ್ಲಿ ಕೆಲಸವಾಗಿ ಸಿಗುತ್ತದೆ. ಉಳಿದದ್ದು ಬಿಸಿಯಾಗಿ, ಸೋರಿಕೆಯಾಗಿ ಹೋಗುತ್ತದೆ. ನೋಡಿಕೊಳ್ಳದ ಲೈನುಗಳಲ್ಲಿ ಗಾಳಿಯ 20ರಿಂದ 30 ಪಾಲು ಬರೀ ಸೋರಿಕೆಗೆ ಹೋಗುವುದು ಸಾಮಾನ್ಯ.

ಇವತ್ತು ಸಂಜೆ ಹೀಗೆ ಮಾಡಿ. ಕೆಲಸ ಮುಗಿದ ಮೇಲೆ ಎಲ್ಲ ಗನ್ನು, ಮೆಷಿನ್ನು ಲೈನಿಗೆ ಜೋಡಿಸಿದ ಹಾಗೇ ಇರಲಿ, ಯಾರೂ ಏನನ್ನೂ ಮುಟ್ಟಬಾರದು. ಕಂಪ್ರೆಸರ್ ಆಟೊದಲ್ಲಿ ಬಿಡಿ. ಟ್ಯಾಂಕ್ ತುಂಬಿ ನಿಲ್ಲುತ್ತದೆ. ಸೋರಿಕೆ ಇದ್ದರೆ ಸ್ವಲ್ಪ ಹೊತ್ತಿಗೆ ತಾನಾಗಿಯೇ ಮತ್ತೆ ಶುರುವಾಗುತ್ತದೆ. ಎಷ್ಟು ನಿಮಿಷ ಓಡಿತು, ಎಷ್ಟು ನಿಮಿಷ ನಿಂತಿತು, ಮೊಬೈಲ್ ಗಡಿಯಾರ ಇಟ್ಟು ಮೂರು-ನಾಲ್ಕು ಸುತ್ತು ಬರೆದುಕೊಳ್ಳಿ. ಓಡಿದ್ದು 2 ನಿಮಿಷ, ನಿಂತದ್ದು 4 ನಿಮಿಷ ಅಂದರೆ ಒಟ್ಟು ಆರರಲ್ಲಿ ಎರಡು. ಮೂರನೇ ಒಂದು ಭಾಗ ಸೋರಿಕೆ.

ರೂಪಾಯಿಯಲ್ಲಿ ಇದು ಏನಾಗುತ್ತದೆ ನೋಡಿ. 5 ಎಚ್‌ಪಿ ಮೋಟರ್ ಪೂರ್ತಿ ಲೋಡಿನಲ್ಲಿ ಗಂಟೆಗೆ ನಾಲ್ಕೂಕಾಲು ಯೂನಿಟ್ ಹತ್ತಿರ ತಿನ್ನುತ್ತದೆ. ದಿನಕ್ಕೆ ಹತ್ತು ಗಂಟೆ ಸ್ವಿಚ್ ಆನ್ ಇದ್ದರೆ, ಮೂರನೇ ಒಂದು ಭಾಗದ ಸೋರಿಕೆಗೆ 14 ಯೂನಿಟ್ ಹೋಯಿತು. ಯಾರೂ ಒಂದು ನಟ್ಟೂ ಬಿಚ್ಚದೆ! ನಿಮ್ಮ ಬಿಲ್ಲಿನಲ್ಲಿರುವ ದರದಿಂದ ಗುಣಿಸಿ ತಿಂಗಳ ಲೆಕ್ಕ ತೆಗೆಯಿರಿ. ಇದರ ಪಕ್ಕದಲ್ಲಿ, 90 ವಾಟ್ ಅವರ್ ಬ್ಯಾಟರಿಯನ್ನು ದಿನಕ್ಕೆ ಹತ್ತು ಸಲ ಚಾರ್ಜ್ ಮಾಡಿದರೂ ಚಾರ್ಜರಿನ ನಷ್ಟ ಸೇರಿ ಸುಮಾರು ಒಂದೂಕಾಲು ಯೂನಿಟ್ ಒಳಗೆ ಮುಗಿಯುತ್ತದೆ.

ಸೋರುವ ಜಾಗ ಹುಡುಕಲು ಸೋಪಿನ ನೀರು ಮತ್ತು ಬ್ರಶ್ ಸಾಕು. ಕ್ವಿಕ್ ಕಪ್ಲರ್, ಹೋಸ್ ಕ್ಲಿಪ್ಪು, ಟ್ಯಾಂಕಿನ ಕೆಳಗಿನ ಡ್ರೈನ್ ಕಾಕ್, ಟೈರ್ ಮೆಷಿನ್ನಿನ ಪೆಡಲ್ ವಾಲ್ವ್, ಈ ನಾಲ್ಕು ಕಡೆ ಮೊದಲು ಹಚ್ಚಿ. ಗುಳ್ಳೆ ಬಂದಲ್ಲಿ ಸೋರಿಕೆ. ಹಾಗೇ ಹೋಸಿನ ಒಳಗಿನ ಅಳತೆ ನೋಡಿ. ಅರ್ಧ ಇಂಚಿನ ಗನ್ನಿಗೆ ಒಳಗೆ 10 ಮಿಲಿಮೀಟರ್ ಇರಬೇಕು. 8 ಮಿಲಿಮೀಟರಿನ ಉದ್ದದ ಹೋಸ್ ಹಾಕಿದರೆ ಗನ್ನಿನ ಹತ್ತಿರ ಒತ್ತಡ ಬಿದ್ದುಹೋಗುತ್ತದೆ. ಗನ್ನಿನ ಮೇಲೆ ಬರೆದಿರುವ ಟಾರ್ಕು ಟ್ರಿಗರ್ ಒತ್ತಿ ಹಿಡಿದಾಗ ಗನ್ನಿನ ಬಾಯಲ್ಲಿ 6.2 ಬಾರ್ ಒತ್ತಡ ಇದ್ದರೆ ಮಾತ್ರ ಸಿಗುತ್ತದೆ. ಎಷ್ಟೋ ಕಡೆ "ಏರ್ ಗನ್ ಮುದಿಯಾಗಿದೆ, ಬ್ಯಾಟರಿ ಗನ್ನೇ ಜೋರು" ಅನ್ನಲು ನಿಜವಾದ ಕಾರಣ ಈ ಸಪೂರ ಹೋಸು. ಟೈರ್ ಮೆಷಿನ್ನಿಗೆ 8ರಿಂದ 10 ಬಾರ್ ಬೇಕಾಗುತ್ತದೆ, ಹಾಗಾಗಿ ಟ್ಯಾಂಕಿನ ಒತ್ತಡ ಅಷ್ಟಿರಲಿ. ಗನ್ನಿನ ಲೈನಿಗೆ ಬೇರೆ ರೆಗ್ಯುಲೇಟರ್ ಹಾಕಿ ಇಳಿಸಿಕೊಳ್ಳಿ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಟ್ಯಾಂಕಿನ ನೀರು ಬಿಡಬೇಕು. ಆ ನೀರು ಗನ್ನಿನ ವೇನನ್ನೂ ತಿನ್ನುತ್ತದೆ, ಟ್ಯಾಂಕಿನ ತಳವನ್ನೂ ತಿನ್ನುತ್ತದೆ. ತಳ ತುಕ್ಕು ಹಿಡಿದ ಟ್ಯಾಂಕಿನ ಪಕ್ಕ ಹುಡುಗರು ಕೆಲಸ ಮಾಡುವುದು ಬ್ಯಾಟರಿ ಸಿಡಿಯುವುದಕ್ಕಿಂತ ದೊಡ್ಡ ಅಪಾಯ. ಸೇಫ್ಟಿ ವಾಲ್ವಿನ ರಿಂಗ್ ಎಳೆದು ಅದು ಗಾಳಿ ಬಿಡುತ್ತದಾ ಅಂತ ತಿಂಗಳಿಗೊಮ್ಮೆ ನೋಡಿ.

ಮೇಲಿನ ಮನೆಯವರ ವಿಷಯ. ಸೋರಿಕೆ ನಿಂತರೆ ಕಂಪ್ರೆಸರ್ ಓಡುವ ಹೊತ್ತೇ ಕಮ್ಮಿಯಾಗುತ್ತದೆ. ಕೆಳಗೆ ರಬ್ಬರ್ ಪ್ಯಾಡ್ ಹಾಕಿ, ಗೋಡೆಗೆ ತಾಗದ ಹಾಗೆ ಇಡಿ. ಆದರೆ ಬ್ಯಾಟರಿ ಗನ್ನಿಗೆ ಸದ್ದಿಲ್ಲ ಅಂತ ಅವರಿಗೆ ಮಾತು ಕೊಡಬೇಡಿ. ಸುತ್ತಿಗೆಯ ಸದ್ದು ಅದರಲ್ಲೂ ಇದ್ದೇ ಇದೆ, 100 ಡೆಸಿಬಲ್ ಹತ್ತಿರ ಹೋಗುತ್ತದೆ. ಹುಡುಗರ ಕಿವಿಗೆ ಇಯರ್ ಪ್ಲಗ್ ಬೇಕೇ ಬೇಕು.

ಒಂದು ಎಚ್ಚರಿಕೆ ಮರೆಯಬಾರದು. ಪೆಟ್ರೋಲ್ ಟ್ಯಾಂಕ್ ಇಳಿಸುವಾಗ, ಸಿಎನ್‌ಜಿ ಲೈನ್ ಬಿಚ್ಚುವಾಗ, ಸ್ಪ್ರೇ ಪೇಂಟ್ ಹೊಡೆಯುವಲ್ಲಿ ಬ್ಯಾಟರಿ ಟೂಲೂ ಬೇಡ, ವೈರಿನದೂ ಬೇಡ. ಬ್ರಶ್‌ಲೆಸ್ ಆದರೂ ಅದನ್ನು ಆವಿ ಇರುವ ಜಾಗಕ್ಕೆ ಅಂತ ಮಾಡಿಲ್ಲ. ಮೊದಲು ಬಾಗಿಲು ತೆಗೆದು ಗಾಳಿಯಾಡಲು ಬಿಡಿ, ಆಮೇಲೆ ಕೈ ಪಾನಾದಿಂದಲೇ ಬಿಚ್ಚಿ.

ತಮ್ಮನ ಗ್ರೈಂಡರಿನ ಬಗ್ಗೆ ಆಗಲೇ ಹೇಳಿದೆ: ಶೆಡ್ಡಿನಲ್ಲಿ ವೈರೇ ಸರಿ. ಅದರ ಆರ್ಮೇಚರ್ (ಮೋಟರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗ) ಪದೇ ಪದೇ ಸುಡುತ್ತಿದ್ದರೆ ಎಕ್ಸ್‌ಟೆನ್ಶನ್ ವೈರ್ ನೋಡಲು ಹೇಳಿ. ಉದ್ದದ, ಸಣ್ಣ ವೈರಿನಲ್ಲಿ ವೋಲ್ಟೇಜ್ ಬೀಳುತ್ತದೆ, ಮೆಷಿನ್ ಮೆತ್ತಗಾಗುತ್ತದೆ, ಕೆಲಸಗಾರ ಇನ್ನೂ ಒತ್ತುತ್ತಾನೆ, ವೈಂಡಿಂಗ್ ಸುಡುತ್ತದೆ. 25-30 ಮೀಟರ್ ಎಳೆಯುವುದಾದರೆ 2.5 ಸ್ಕ್ವೇರ್ ಎಂಎಂ ವೈರ್ ಇರಲಿ. ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್) ಇರಲೇಬೇಕು, ಮಳೆಗಾಲದಲ್ಲಿ ಜೀವ ಉಳಿಸುವುದು ಅದು. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಗಾರ್ಡ್ ಕಿತ್ತು ಐದಿಂಚಿನ ಡಿಸ್ಕ್ ಹಾಕುವ ಚಾಳಿ ಇದ್ದರೆ ಇವತ್ತೇ ನಿಲ್ಲಿಸಿ. ಸೈಟಿನಲ್ಲಿ ನಾಲ್ಕನೇ ಮಹಡಿಯಲ್ಲಿ ಗ್ರಿಲ್ ಕೂರಿಸುವಾಗ ಎರಡು ಬೋಲ್ಟ್ ಕತ್ತರಿಸಲು, ಒಂದು ಅಂಚು ಉಜ್ಜಲು ಬ್ಯಾಟರಿ ಗ್ರೈಂಡರ್ ಚೆನ್ನಾಗಿರುತ್ತದೆ. ಆದರೆ ಅದು ಎರಡನೇ ಹಂತದ ಖರೀದಿ. ಈಗ ತಗೊಳ್ಳುವ ಗನ್ನಿನ ಬ್ಯಾಟರಿಯೇ ಅದಕ್ಕೂ ಹೊಂದುವಂಥ ಕಂಪನಿ ಆರಿಸಿ. ಗನ್ನಿಗಿಂತ ಬ್ಯಾಟರಿ-ಚಾರ್ಜರಿನ ಮೇಲೆಯೇ ದುಡ್ಡು ಜಾಸ್ತಿ ಹೋಗುತ್ತದೆ, ಹಾಗಾಗಿ ನೀವು ಆರಿಸುತ್ತಿರುವುದು ಬ್ಯಾಟರಿಯ ಕುಟುಂಬವನ್ನು. ಪುಣೆಯ ರವಿವಾರ ಪೇಟೆಯ ಬೋಹ್ರಿ ಆಳಿಗೆ (ಟೂಲು ಅಂಗಡಿಗಳ ಓಣಿ) ಮಗನನ್ನೂ ಮಿಸ್ತ್ರಿಯನ್ನೂ ಒಟ್ಟಿಗೇ ಕರೆದುಕೊಂಡು ಹೋಗಿ, ಕೈಯಲ್ಲಿ ಹಿಡಿದು ನೋಡಿ. ಸರ್ವಿಸ್ ಸೆಂಟರ್ ಪುಣೆಯಲ್ಲೇ ಇದೆಯಾ, ಬ್ಯಾಟರಿಗೆ ವಾರಂಟಿ ಎಷ್ಟು ತಿಂಗಳು ಅಂತ ಕೇಳಿ. ಮೆಷಿನ್ನಿಗಿಂತ ಬ್ಯಾಟರಿಯ ವಾರಂಟಿ ಕಮ್ಮಿ ಇರಬಹುದು. ಬಿಲ್ ಇಲ್ಲದೆ ತರಬೇಡಿ.

ಪೆಟ್ರೋಲ್ ಕಟ್ಟರ್ ಇಟ್ಟುಕೊಳ್ಳಲಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಸಣ್ಣ ಟೂ-ಸ್ಟ್ರೋಕ್ ಎಂಜಿನ್ ಅದರಲ್ಲಿ 100ಕ್ಕೆ 15 ಪಾಲು ಮಾತ್ರ ಕೆಲಸಕ್ಕೆ ಕೊಟ್ಟರೂ, ಅಷ್ಟಕ್ಕೆ ನಮ್ಮ 90 ವಾಟ್ ಅವರಿನ ಹದಿನೈದು ಬ್ಯಾಟರಿಯಾದರೂ ಬೇಕು. ಕರೆಂಟ್ ಇಲ್ಲದ ಸೈಟಿನಲ್ಲಿ ಇಡೀ ದಿನ ಕಾಂಕ್ರೀಟ್ ಕತ್ತರಿಸುವುದಿದ್ದರೆ ಪೆಟ್ರೋಲಿಗೆ ಸಾಟಿಯಿಲ್ಲ. ಬೇಸ್‌ಮೆಂಟಿನಲ್ಲಿ, ಮುಚ್ಚಿದ ಕೋಣೆಯಲ್ಲಿ ಮಾತ್ರ ಅದನ್ನು ಯಾವತ್ತೂ ಶುರು ಮಾಡಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಆಳು ಬಿದ್ದ ಮೇಲೆಯೇ ಗೊತ್ತಾಗುವುದು. ವರ್ಷಕ್ಕೆ ನಾಲ್ಕು ಸಲ ಬೇಕಾಗುವ ಕೆಲಸವಾದರೆ ಹೊಸದು ತಗೊಳ್ಳುವ ಬದಲು ಬಾಡಿಗೆಗೆ ತರುವುದೇ ಒಳ್ಳೆಯದು.

ನೀವು ಕೇಳದ ಒಂದು ಪ್ರಶ್ನೆ ಉಳಿದಿದೆ. ನಟ್ಟಿನ ಕೆಲಸ ಬ್ಯಾಟರಿಗೆ ಹೋದ ಮೇಲೆ 5 ಎಚ್‌ಪಿ ಕಂಪ್ರೆಸರ್ ಬೇಕೇ ಬೇಕಾ, 3 ಎಚ್‌ಪಿಗೆ ಇಳಿಸಬಹುದಾ? ಇಳಿಸಬಹುದು ಅನ್ನಿಸುತ್ತದೆ. ಆದರೆ ಅಳತೆ ನೋಡದೆ ಹೇಳಲಾರೆ. ಸೋರಿಕೆ ಸರಿ ಮಾಡುವ ಮೊದಲು ಮತ್ತು ಆಮೇಲೆ ಕಂಪ್ರೆಸರ್ ಓಡಿದ-ನಿಂತ ನಿಮಿಷಗಳು, ಟ್ಯಾಂಕ್ ಎಷ್ಟು ಲೀಟರಿನದು, ಟೈರ್ ಮೆಷಿನ್ನಿನ ಪ್ಲೇಟಿನ ಮೇಲೆ ಎಷ್ಟು ಬಾರ್ ಅಂತ ಬರೆದಿದೆ, ಈ ಮೂರನ್ನು ಬರೆದು ಕಳಿಸಿ. ಅದನ್ನು ನೋಡಿ ಹೇಳುತ್ತೇನೆ.